ಹುಲಿಗೆವ್ವನ ಹಾಲಿನ ಹೊತ್ತು

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ. ನಲವತ್ತು ಕೊರಳಿಗೆ ಒಂದೇ ಹಗ್ಗ. ಗಂಟು ಒಂದೂ ಇಲ್ಲ, ಹಗ್ಗ ಕಣ್ಣಿಗೂ ಕಾಣುವುದಿಲ್ಲ. ಏನದು? ಹೂವಿನ ಮಾಲೆ ಅಂದಿರಾ? ಸುಮ್ಮನೆ ಕೂತುಕೊಳ್ಳಿ. ನಿಮಗೆ ಇದು ಬಿಡಿಸಲು ಆಗುವುದಿಲ್ಲ, ಯಾಕೆಂದರೆ ನೀವು ಕರಿಜಾಲಿ ಊರಿನವರಲ್ಲ. ಅದು ಹುಲಿಗೆವ್ವನ ದನಿ.

ಬಹಳ ಹಿಂದೆ, ನೆರಳು ನೋಡಿ ಹೊತ್ತು ಹೇಳುತ್ತಿದ್ದ ಕಾಲದಲ್ಲಿ, ಎರೆಹೊಲಗಳ ನಡುವಿನ ಕರಿಜಾಲಿಯಲ್ಲಿ ಹುಲಿಗೆವ್ವ ಎಂಬ ಹೆಂಗಸು ಇದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಹಾಲು ಕೊಡುವ ನಲವತ್ತು ಆಡು ಇದ್ದವಂತೆ. ಸಂಜೆ ಹಟ್ಟಿಯ ಬಾಗಿಲಲ್ಲಿ ಕಲ್ಲಿನ ಮೇಲೆ ಕೂತು ಒಂದು ಹೆಸರು ಕೂಗಿದರೆ ಒಂದೇ ಆಡು ಎದ್ದು ಬರುತ್ತಿತ್ತಂತೆ. ಬೆಳ್ಳಿಕಿವಿ ಅಂದರೆ ಬೆಳ್ಳಿಕಿವಿ. ಮೊಂಡಿ ಅಂದರೆ ಮೊಂಡಿ. ಉಳಿದ ಮೂವತ್ತೊಂಬತ್ತು ತಮ್ಮ ಪಾಳಿ ಬರುವ ತನಕ ಮೆಲುಕು ಹಾಕುತ್ತ ನಿಲ್ಲುತ್ತಿದ್ದವಂತೆ. ರೇಷನ್ ಅಂಗಡಿ ಮುಂದೆ ನಾವು ಕೂಡ ಹಾಗೆ ನಿಲ್ಲುವುದಿಲ್ಲ.

ಮೊದಲು ಮರಿ ಬಿಡುವಳು, ಅದು ನಾಲ್ಕು ಗುಟುಕು ಕುಡಿಯುವುದು, ಆಮೇಲೆ ಮೊಲೆಯ ಬುಡ ಹಿಡಿದು ಮುಷ್ಟಿ ಬಿಗಿಯುವಳು. ಎಳೆಯುತ್ತಿರಲಿಲ್ಲ. ನಲವತ್ತೂ ಹಿಂಡಿ ಮುಗಿಸಿದರೂ ಮೊದಲನೇ ಚೊಂಬಿನ ನೊರೆ ಇಳಿದಿರುತ್ತಿರಲಿಲ್ಲವಂತೆ. ಮುದುಕರು ಹೇಳುವ ಮಾತು, ಅದರಲ್ಲಿ ಸ್ವಲ್ಪ ಕಳೆದು ಕೇಳಿ.

ಆ ಊರಿಗೆ ದೊಡ್ಡವನು ಅಯ್ಯನಗೌಡ. ಅವನಿಗಿಂತ ಮುಂಚೆ ಅವನ ಮೀಸೆ ಓಣಿ ತಿರುಗುತ್ತಿತ್ತಂತೆ. ಅವನ ಮಗಳ ಮದುವೆಯಲ್ಲಿ ಹುಲಿಗೆವ್ವನ ಆಡುಗಳು ಚಪ್ಪರದ ಮಾವಿನ ತೋರಣ ತಿಂದು, ಬಾಳೆಕಂಬವನ್ನೂ ಅರ್ಧಕ್ಕೆ ಇಳಿಸಿದ್ದವು. ಅಂದಿನಿಂದ ಗೌಡನ ಅಪ್ಪಣೆಯಾಯಿತು. ಆಡಿನ ನಾತ ನಮ್ಮ ಮನೆ ಮುಂದೆ ಹಾಯಬಾರದು, ಊರ ಹಿಂದಿನ ಮುಳ್ಳಿನ ದಾರಿ ಹಿಡಿಯಲಿ ಅಂದನಂತೆ. ಹುಲಿಗೆವ್ವ ಹಿಡಿದಳು. ಕಾಲಿಗೆ ಮುಳ್ಳು ನೆಟ್ಟಾಗಲೆಲ್ಲ ಗೌಡನನ್ನು ನೆನೆಯುತ್ತಿದ್ದಳು. ಏನಂತ ನೆನೆಯುತ್ತಿದ್ದಳು ಎಂಬುದನ್ನು ಇಲ್ಲಿ ಹೇಳುವ ಹಾಗಿಲ್ಲ.

ಮುಂದೆ ಆ ಮಗಳು ಹೆರಿಗೆಗೆ ತವರಿಗೆ ಬಂದಳು. ಕೂಸು ಹುಟ್ಟಿತು, ತಾಯಿ ಜ್ವರ ಬಂದು ಮಲಗಿದಳು, ಎದೆಹಾಲು ಬತ್ತಿತು. ಎಮ್ಮೆ ಹಾಲು ಕೊಟ್ಟರು, ಕೂಸು ಕಕ್ಕಿತು. ಆಕಳ ಹಾಲು ಕೊಟ್ಟರು, ಕಕ್ಕಿತು. ಹುಲಿಗೆವ್ವನ ಬೆಳ್ಳಿಕಿವಿಯ ಹಾಲು ಮಾತ್ರ ಹೊಟ್ಟೆಯಲ್ಲಿ ನಿಂತಿತಂತೆ. ಗೌಡನ ಆಳು ಎರಡು ಹೊತ್ತೂ ಚೊಂಬು ಹಿಡಿದು ಹಿಂದಿನ ದಾರಿಯಿಂದ ಬರತೊಡಗಿದ. ಆಡು ಬರಬಾರದು, ಹಾಲು ಮಾತ್ರ ಬರಬೇಕು! ಆದರೂ ಹುಲಿಗೆವ್ವ ಕೊಟ್ಟಳು. ತಾತ ಮಾಡಿದ್ದಕ್ಕೆ ಕೂಸು ಯಾಕೆ ಉಪವಾಸ ಬೀಳಬೇಕು ಅಂದಳಂತೆ.

ಹೀಗಿರಲು ಒಂದು ಮುಂಜಾನೆ, ಹಾಲು ಹಿಂಡುವ ಮೊದಲು, ಆಡುಗಳಿಗೆ ಜಾಲಿಕಾಯಿ ಆರಿಸುತ್ತಿದ್ದಾಗ ಹುಲಿಗೆವ್ವನ ಬಲಗೈಗೆ ಚೇಳು ಕುಟುಕಿತು. ಕೈ ಸೋರೆಕಾಯಿಯಂತೆ ಊದಿತು. ನೋವಿಗೆ ಇನ್ನೊಂದು ಕೈಯೂ ಗಡಗಡ ನಡುಗಿತು. ಮುಷ್ಟಿ ಬಿಗಿಯಲು ಆಗಲಿಲ್ಲ.

ಆಳಿನಿಂದ ಸುದ್ದಿ ತಿಳಿದು ಗೌಡನ ಹೆಂಡತಿ ಬಂದು ಹಿಂಡಲು ಕೂತಳು. ಎಮ್ಮೆ ಹಿಂಡುವುದರಲ್ಲಿ ಗಟ್ಟಿಗಿತ್ತಿ. ಎಮ್ಮೆಗೆ ಎಳೆದಂತೆ ಎಳೆದಳು. ಬೆಳ್ಳಿಕಿವಿ ಚೊಂಬನ್ನು ಒದ್ದು ಬೇಲಿಯಾಚೆ ಹಾಕಿತು. ಆಳು ಕೂತ. ಆಡು ಅವನ ಮೇಲೆಯೇ ಕೂತುಬಿಟ್ಟಿತು. ಹೊತ್ತು ಏರಿತು, ಇಳಿಯಿತು. ಕೂಸಿನ ಹೊಟ್ಟೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ಸಂಜೆಯಾಗುವಷ್ಟರಲ್ಲಿ ಗೌಡನೇ ಮುಳ್ಳಿನ ದಾರಿ ತುಳಿದು ಬಂದ. ಹಿಂದೆ ಹೆಂಡತಿ, ಅವಳ ತೋಳಲ್ಲಿ ಕೂಸು. ಅದರ ಹಿಂದೆ ಇಡೀ ಊರು ಬಂದು ಹಟ್ಟಿಯ ಗೋಡೆ ಹತ್ತಿ ಕೂತಿತಂತೆ.

"ಹುಲಿಗೆವ್ವ, ಏನರ ಮಾಡವ್ವ."

"ಮಾಡೋರು ನೀವು. ಕುಂದರ್ರಿ ಆ ಕಲ್ಲಿನ ಮ್ಯಾಲ."

"ನಾನ?"

"ಮತ್ಯಾರು? ಸಣ್ಣವರಿದ್ದಾಗ ನಮ್ಮಪ್ಪನ ಹಟ್ಟ್ಯಾಗ ಕದ್ದು ಹಿಂಡಿ ಕುಡೀತಿದ್ರಲ್ಲ ಗೌಡ್ರ, ನಾ ಬೇವಿನ ಗಿಡದ ಮ್ಯಾಲಿಂದ ನೋಡೀನಿ. ಆಡಿನ ಮೊಲಿ ಹಿಡಿಯಾಕ ಈ ಊರಾಗ ನನ್ನ ಬಿಟ್ರ ನಿಮಗ ಬರ್ತೈತಿ."

ಗೋಡೆಯ ಮೇಲಿನವರೆಲ್ಲ ಗೌಡನ ಮುಖ ನೋಡಿದರು. ಗೌಡ ನೆಲ ನೋಡುತ್ತ ಕೂತ. ಹುಲಿಗೆವ್ವ ಕೂಗಿದಳು, ಬೆಳ್ಳಿಕಿವಿ ಬಂದಿತು. ಬಂದು ಗೌಡನ ಹೆಗಲು ಮೂಸಿತು. ತಂಬಾಕು, ಅತ್ತರು. ಮುಖ ತಿರುಗಿಸಿ, ಹಾಲು ಇಳಿಬಿಡದೆ ಮೇಲಕ್ಕೆ ಏರಿಸಿಕೊಂಡಿತು.

"ನಿಮ್ಮ ನಾತ ಅದಕ್ಕ ಬ್ಯಾಡಾಗೈತಿ," ಅಂದಳು ಹುಲಿಗೆವ್ವ. "ಅಗೋ ಬೇಲಿ ಮ್ಯಾಲ ನನ್ನ ಸೀರಿ. ಸುತ್ತಿಗೋರಿ."

ಗೋಡೆಯ ಮೇಲೆ ಒಬ್ಬರೂ ನಗಲಿಲ್ಲ. ನಗು ತಡೆದು ತಡೆದು ಒಬ್ಬನ ಕಿವಿಯಿಂದ ಹೊಗೆ ಬಂತಂತೆ. ಗೌಡ ಎದ್ದ. ಅವನು ಮನೆಗೇ ಹೋಗುತ್ತಾನೆ ಅಂದುಕೊಂಡರು. ಅಷ್ಟರಲ್ಲಿ, ಬೆಳಗಿನಿಂದ ಅಳುತ್ತಿದ್ದ ಕೂಸು ಅಳು ನಿಲ್ಲಿಸಿತು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಚೇಳಿನ ಉರಿ ಕೂಡ ಹುಲಿಗೆವ್ವನಿಗೆ ಮರೆತುಹೋಯಿತಂತೆ.

ಗೌಡ ಬೇಲಿಗೆ ಹೋಗಿ, ಧೋತರದ ಮೇಲೆಯೇ ಸೀರೆ ಸುತ್ತಿಕೊಂಡು ಬಂದು ಕೂತ. ಬೆಳ್ಳಿಕಿವಿ ಮತ್ತೆ ಮೂಸಿತು. ಮೊಣಕಾಲು ಸರಿ, ಹೆಗಲು ಸರಿ, ಮೀಸೆಯ ಹತ್ತಿರ ಬಂದು ನಿಂತುಬಿಟ್ಟಿತು.

"ಸೆರಗು ಎಳಕೋರಿ!"

ಎಳೆದುಕೊಂಡ.

"ಕೈ ಯಾಕ ನಡುಗಸ್ತೀರಿ? ಆಗ ಕದಿಯೋ ಮುಂದ ನಡುಗಿತ್ತೇನು?"

ಗೋಡೆ ಒಮ್ಮೆಲೇ ನಕ್ಕಿತು. ಸೆರಗಿನೊಳಗೆ ಗೌಡನೂ ನಕ್ಕನಂತೆ. ನಕ್ಕಿದ್ದಕ್ಕೆ ಕೈ ಸಡಿಲಾಯಿತು, ಬೆರಳಿಗೆ ಹಳೆಯ ಕಳ್ಳತನ ನೆನಪಾಯಿತು. ಹುಲಿಗೆವ್ವ ಆಡಿನ ಬೆನ್ನ ಮೇಲೆ ಎಡಗೈ ಇಟ್ಟು ಅದರ ಹೆಸರು ಹೇಳುತ್ತಲೇ ಇದ್ದಳು. ಚೊಂಬಿನ ತಳಕ್ಕೆ ಚರ್ ಎಂದು ಹಾಲು ಬಿತ್ತು. ಒಳಲೆಗೆ ಸುರಿದು ಕೂಸಿಗೆ ಕುಡಿಸಿದರು. ಮೊದಲನೇ ಗುಟುಕು ಹೊರಗೆ ಬಂತು. ಎರಡನೆಯದು ಒಳಗೆ ಹೋಯಿತು. ಮೂರನೆಯದಕ್ಕೆ ಕೂಸು ಒಳಲೆಯನ್ನೇ ಬಿಡಲಿಲ್ಲ.

ಹುಲಿಗೆವ್ವನ ಕೈಯ ಊತ ಇಳಿಯಲು ಮೂರು ದಿನ ಬೇಕಾಯಿತು. ಮೂರೂ ದಿನ ಎರಡು ಹೊತ್ತು ಗೌಡ ಬಂದ. ಕೊನೆಯ ದಿನ ಮನೆಯಿಂದಲೇ ಸೀರೆ ಉಟ್ಟು, ಮುಂದಿನ ಓಣಿಯಲ್ಲಿ, ಮೀಸೆ ತಿರುವುತ್ತ ಬಂದನಂತೆ. ಹಿಂದಿನ ದಾರಿ ಆಮೇಲೆ ಮುಳ್ಳಿನ ಪಾಲಾಯಿತು, ಆಡುಗಳು ಗೌಡನ ಬಾಗಿಲ ಮುಂದೆಯೇ ಹಾಯ್ದವು.

ಈಗಲೂ ಕರಿಜಾಲಿಯಲ್ಲಿ ಕೂಸಿಗೆ ಮೊದಲ ಸಲ ಆಡಿನ ಹಾಲು ಕೊಡುವ ದಿನ ಮನೆಯ ಹಿರೀಗಂಡಸೇ ಹಿಂಡಬೇಕು, ತಲೆ ಮೇಲೆ ಸೆರಗು ಹೊದ್ದು. ಹೆಂಗಸರು ಗೋಡೆ ಹತ್ತಿ ಬೈಯಬೇಕು. ಬೈಗುಳ ಕಡಿಮೆಯಾದರೆ ಹಾಲು ಕಡಿಮೆ ಅಂತಾರೆ.

ಹುಲಿಗೆವ್ವ ತೀರಿಹೋದ ದಿನ ನಲವತ್ತು ಆಡುಗಳೂ ಯಾರೂ ಕರೆಯದೆ, ಒಂದೊಂದಾಗಿ ಪಾಳಿಯಲ್ಲಿ ಬಂದು, ಅವಳ ಕಾಲ ಬಳಿ ತಲೆ ತಗ್ಗಿಸಿ ಹೋದವಂತೆ.

ಇದೊಂದು ಮಾತ್ರ ನಾನು ಕಟ್ಟಿದ್ದು. ಅವಳು ಹೇಗೆ ತೀರಿಕೊಂಡಳೋ ಊರಲ್ಲಿ ಯಾರಿಗೂ ಗೊತ್ತಿಲ್ಲ, ಅಷ್ಟು ದೊಡ್ಡ ಹೆಂಗಸನ್ನು ಸುಮ್ಮನೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಆಡುಗಳು ಬಂದಿದ್ದರೂ ಬಂದಿರಬಹುದು. ಬಂದು ಅವಳ ಮೇಲೆ ಹಾಕಿದ ಹೂವು ತಿಂದಿರುತ್ತವೆ.