ಮಕಾಡೆ ಮಲಗಿದ ದೊರೆ

ಐನೂರು ವರ್ಷದ ಹಿಂದೆ ಯುರೋಪಿನ ಬೊಹೀಮಿಯಾದ ಗಣಿಯೂರೊಂದರ ದೊರೆ ಬೆಳ್ಳಿ ನಾಣ್ಯದ ಮೇಲೆ ತನ್ನ ಮೋರೆ ಅಚ್ಚು ಹಾಕಿಸಿ ಡಂಗುರ ಸಾರಿಸಿದ: "ನನ್ನ ಮುಖ ಮಕಾಡೆ ಇಟ್ಟವರಿಗೆ ಇಪ್ಪತ್ತು ಛಡಿಯೇಟು!"

ಸಿಕ್ಕಿಬಿದ್ದವಳು ಹೆಂಡದಂಗಡಿಯ ದೊರೋತಾ. ಅವಳ ಮೇಜಿನ ಮೇಲೆ ಚೆಲ್ಲಿದ್ದ ಬಿಯರಿನಲ್ಲಿ ನಾಣ್ಯದ ಮೇಲಿನ ದೊರೆಯ ಮೂಗು ಮುಳುಗಿತ್ತು. ದೊರೆ ತಾನೇ ಬಂದ, ಜೊತೆಗೆ ಅತಿಥಿಯಾಗಿದ್ದ ಚಕ್ರವರ್ತಿಯ ಅಧಿಕಾರಿಯೂ ಬಂದ.

"ತಿರುಗಿಸೇ ಅದನ್ನ!" ದೊರೆ ಗುಡುಗಿದ.

"ತಿರುಗಿಸ್ತೀನಿ ಒಡೆಯಾ. ಆದ್ರೆ ಈಗ ಮೇಲಿರೋ ಕಡೆ ಚಕ್ರವರ್ತಿಗಳ ಮುಖ ಇದೆ. ಅವರನ್ನ ಮಕಾಡೆ ಮಲಗಿಸು ಅಂತ ಈ ಸಾಹೇಬರ ಮುಂದೆ ಒಂದ್ಸಲ ಬಾಯ್ಬಿಟ್ಟು ಹೇಳಿಬಿಡಿ."

ಅಧಿಕಾರಿ ಕಿವಿ ನಿಮಿರಿಸಿದ. ದೊರೆ ದನಿ ತಗ್ಗಿಸಿದ: "ಹಾಗೇ ಇರಲಿ ಬಿಡು."

ಕುಡಿಯುತ್ತಿದ್ದವರೆಲ್ಲ ಜೇಬಿಗೆ ಕೈಹಾಕಿದರು. ದೊರೆಯ ಹತ್ತು ಮೋರೆಗಳು ಪಟಪಟನೆ ಬಿಯರಿಗೆ ಕವುಚಿ ಬಿದ್ದವು. "ಚಕ್ರವರ್ತಿಗಳಿಗೆ ಜಯವಾಗಲಿ!" ಎಂದು ಅಧಿಕಾರಿಯ ಎದುರು ಮೊದಲು ದೊರೆಯೇ ಕೂಗಬೇಕಾಯಿತು.