ಹಳೇ ಸಿಲಿಂಡರ್ ಎಲ್ಲಿ?

ನದಿಯ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅದನ್ನು ಗ್ಯಾರೇಜು ಎನ್ನುವವರಿದ್ದರು, ಆಶ್ರಮ ಎಂದು ನಗೆಯಾಡುವವರೂ ಇದ್ದರು. ಆಸ್ಟಿನ್, ಹಿಲ್‌ಮನ್, ಮೋರಿಸ್ ಬಿಟ್ಟರೆ ಅಲ್ಲಿ ಬೇರೆ ದೇವರಿರಲಿಲ್ಲ. ಹುಟ್ಟಿಸಿದ ಕಂಪನಿಗಳು ಮುಚ್ಚಿ ಎಷ್ಟೋ ಕಾಲವಾದ ಮೇಲೂ ಹಠ ಬಿಡದೆ ಓಡುತ್ತಿದ್ದ ಇಂಗ್ಲಿಷ್ ಕಾರುಗಳು.

ಗುರು ಚನ್ನವೀರಯ್ಯನವರದು ಮಾತು ಕಡಿಮೆ. ಶಿಷ್ಯನ ಹೆಸರು ಮೌನೇಶ. ಹೆಸರಿಟ್ಟ ದಿನ ತಾಯಿತಂದೆಗೆ ಮಗನ ಬಾಯಿಯ ಬಗ್ಗೆ ಏನೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಒಂದು ಮಧ್ಯಾಹ್ನ ಮೌನೇಶ ಪಟ್ಟಣದಿಂದ ಬಂದವನೇ ಕೈಚೀಲವನ್ನು ಬೆಂಚಿನ ಮೇಲೆ ಕುಕ್ಕಿದ.

"ಗುರುಗಳೇ, ಇನ್ನು ಆ ಸ್ಪೇರ್ ಪಾರ್ಟ್ಸ್ ಬೀದಿಗೆ ನಾನು ಕಾಲಿಡಲ್ಲ. ಮರ್ಯಾದೆ ಇರೋರು ಹೋಗೋ ಜಾಗ ಅಲ್ಲ ಅದು!"

ಗುರುಗಳು ಕಾರ್ಬುರೇಟರಿನ ಸಣ್ಣ ತೂತನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಸಿಲಿಂಡರ್ ಸಿಕ್ತಾ?" ಎಂದಷ್ಟೇ ಕೇಳಿದರು.

ಸಿಲಿಂಡರ್ ಬೇಕಾಗಿದ್ದದ್ದು ಡಾಕ್ಟರ್ ವಿಮಲಾಬಾಯಿಯವರ ಮೋರಿಸ್ ಮೈನರಿಗೆ. ಪ್ರತಿ ಗುರುವಾರ ಅವರು ಅದೇ ಕಾರಿನಲ್ಲಿ ಘಟ್ಟ ಹತ್ತಿ ಮೇಲಿನ ಗಿರಿಜನರ ಹಾಡಿಗಳಿಗೆ ಹೋಗುತ್ತಿದ್ದರು. ಬಸುರಿ ಹೆಂಗಸರು ರಸ್ತೆ ಪಕ್ಕದಲ್ಲಿ ಕಾದು ಕೂತಿರುತ್ತಿದ್ದರು. ಹತ್ತುವಾಗ ಏನೂ ಭಯವಿಲ್ಲ. ಇಳಿಯುವಾಗ ಬಲಕ್ಕೆ ಬಂಡೆ, ಎಡಕ್ಕೆ ಕಮರಿ, ನಡುವೆ ಡಾಕ್ಟರಮ್ಮನನ್ನು ಕಾಯುವುದು ಬ್ರೇಕು ಒಂದೇ. ಆ ಬ್ರೇಕಿನ ಮುಂದಿನ ಚಕ್ರದ ಸಿಲಿಂಡರಿನಲ್ಲಿ ಎಣ್ಣೆ ಸೋರುತ್ತಿತ್ತು. ಮಾರನೆಯ ದಿನ ಗುರುವಾರ.

"ಸಿಗದೇ ಏನು? ಸಿಕ್ತು. ಆದ್ರೆ ಮೊದಲು ಹೋದ ಅಂಗಡೀಲಿ ಆದ ಅವಮಾನ ಕೇಳಿ."

"ಹೇಳು."

"ಒಬ್ಬ ಮುದುಕ. ಗಲ್ಲಾ ಹಿಂದೆ ಕೂತಿದ್ದ. ಮೋರಿಸ್ ಮೈನರ್ ಬ್ರೇಕ್ ಸಿಲಿಂಡರ್ ಕೊಡಿ ಅಂದೆ. ಮುಖ ಎತ್ತಿ ನೋಡಲಿಲ್ಲ. ಯಾವ ವರ್ಷದ ಗಾಡಿ ಅಂದ. ಹೇಳಿದೆ. ಡ್ರಮ್ಮು ಏಳು ಇಂಚಿಂದೋ ಎಂಟು ಇಂಚಿಂದೋ ಅಂದ. ಎಂಟು ಇರಬೇಕು ಅಂದೆ. ಇರಬೇಕು ಅಂದ್ರೆ ಏನಯ್ಯಾ, ಅಳೆದಿಲ್ವಾ ಅಂದ. ನಡುವೆ ಯಾರಾದ್ರೂ ಆಕ್ಸೆಲ್ ಬದಲಾಯಿಸಿದಾರಾ ಅಂದ. ನಾನೇನು ಕೋರ್ಟಿಗೆ ಬಂದಿದ್ನಾ ಗುರುಗಳೇ? ಸಾಮಾನು ಕೊಳ್ಳೋಕೆ ಹೋಗಿದ್ದೆ!"

"ಆಮೇಲೆ?"

"ಹಳೇ ಸಿಲಿಂಡರ್ ಎಲ್ಲಿ ಅಂದ."

ಗುರುಗಳು ಕೈಲಿದ್ದದ್ದನ್ನು ಕೆಳಗಿಟ್ಟರು.

ಆ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಕಳಚಿದ ಹಳೇ ಸಾಮಾನು, ಹೊಸದು ಕೂತು ಗಾಡಿ ಓಡುವ ತನಕ ಆ ಗಾಡಿಯ ಒಳಗೇ ಇರಬೇಕು. ತುಕ್ಕು ಹಿಡಿದಿರಲಿ, ಸೀಳಿರಲಿ, ಎಸೆಯುವಂತಿಲ್ಲ; ಹೊಸದನ್ನು ಅದರ ಪಕ್ಕ ಹಿಡಿದು ಅಳತೆ ನೋಡಿಯೇ ಕೊಳ್ಳಬೇಕು. ಮೌನೇಶ ಮಾತ್ರ ಡಾಕ್ಟರಮ್ಮನ ಸೀಟು ಎಣ್ಣೆಯಾಗುತ್ತದೆಂದು ಹಳೇ ಸಿಲಿಂಡರನ್ನು ಗುಜರಿಗೆ ಹಾಕಿದ್ದ.

"ಗುಜರಿಗೆ ಹಾಕಿದೀನಿ ಅಂದೆ," ಎಂದ, ದನಿ ಸ್ವಲ್ಪ ತಗ್ಗಿತು. ಮರುಕ್ಷಣವೇ ಮತ್ತೆ ಏರಿತು. "ಅದಕ್ಕೆ ಅವನು ಏನಂದ ಗೊತ್ತಾ? ಹಂಗಾದ್ರೆ ಕೊಡಲ್ಲ, ಮೆಟ್ಟಲಿಳಿ ಅಂದ. ನಾನು ನಿಮ್ಮ ಹೆಸರು ಹೇಳಿದೆ. ಚನ್ನವೀರಯ್ಯನೋರ ಶಿಷ್ಯ ನಾನು ಅಂದೆ. ಅವರು ಕಲಿಸಿದ್ರೆ ಹಿಂಗೆ ಕೈ ಬೀಸ್ಕೊಂಡು ಬರ್ತಿರಲಿಲ್ಲ, ಸುಳ್ಳು ಹೇಳಬೇಡ ಅಂದ. ಬೀದಿ ಜನ ಎಲ್ಲಾ ನಿಂತು ನೋಡಿದ್ರು. ನನ್ನ ಬಿಡಿ, ನಿಮ್ಮ ಹೆಸರಿಗೆ ಬೆಲೆ ಇಲ್ವಾ? ಮೈಯೆಲ್ಲ ಉರಿದುಹೋಯ್ತು. ನಾನೂ ಬಾಯಿಗೆ ಬಂದಂಗೆ ಬೈದೇ ಬಂದೆ."

"ಏನಂತ ಬೈದೆ?"

"ವ್ಯಾಪಾರ ಮಾಡೋ ಯೋಗ್ಯತೆ ಇಲ್ಲ ಅಂದ್ಮೇಲೆ ಅಂಗಡಿ ಯಾಕೆ ಇಟ್ಟಿದೀಯಾ, ಮುಚ್ಕೊಂಡು ಮನೇಲಿ ಕೂತ್ಕೋ ಅಂದೆ."

"ಸರಿ. ಇನ್ನೊಬ್ಬ ಅಂಗಡಿಯವನು?"

ಮೌನೇಶನ ಮುಖ ಅರಳಿತು. "ಅವನು ಮನುಷ್ಯ ನೋಡಿ! ಬನ್ನಿ ಅಣ್ಣಾ, ಕೂತ್ಕೊಳ್ಳಿ ಅಣ್ಣಾ ಅಂದ. ಟೀ ತರಿಸಿದ. ಮೋರಿಸ್ ಅಂತಿದ್ದಂಗೆ ಡಬ್ಬಿ ತಂದು ಮುಂದಿಟ್ಟ. ಸೀದಾ ಇಂಗ್ಲೆಂಡ್ ಮಾಲು ಗುರುಗಳೇ."

ಚೀಲದಿಂದ ಡಬ್ಬಿ ತೆಗೆದ. ಮೇಲೆ ಕಿರೀಟದ ಚಿತ್ರ, ಬಾವುಟದ ಚಿತ್ರ. ಒಳಗೆ ಥಳಥಳ ಹೊಳೆಯುವ ಸಿಲಿಂಡರು.

"ಅವನು ಏನು ಕೇಳಿದ?"

"ಟೀಗೆ ಸಕ್ಕರೆ ಹಾಕಬಹುದಾ ಅಂತ ಕೇಳಿದ."

"ಗಾಡಿ ವಿಷಯ?"

"ಗಾಡಿ ವಿಷಯ ಏನೂ ಕೇಳಲಿಲ್ಲ. ಗಿರಾಕಿನ ಹೆಂಗೆ ನೋಡ್ಕೋಬೇಕು ಅಂತ ಅವನಿಗೆ ಗೊತ್ತು."

ಗುರುಗಳು ಡಬ್ಬಿಯನ್ನು ಮುಟ್ಟಲಿಲ್ಲ. "ಹಾಕು," ಎಂದರು.

ಮೌನೇಶ ಹಾಕಿದ. ಸಿಲಿಂಡರು ತನ್ನ ಜಾಗದಲ್ಲಿ ಕೂತಿತು, ಬೋಲ್ಟು ಬಿಗಿಯಿತು, ಪೈಪು ಸೇರಿತು. ಡ್ರಮ್ಮು, ಚಕ್ರ ಎರಡನ್ನೂ ಕೂಡಿಸಿದ. ಎಣ್ಣೆ ತುಂಬಿ, ಪೈಪಿನ ಗಾಳಿ ತೆಗೆದ. ಸೀಟಿನಲ್ಲಿ ಕೂತು ಪೆಡಲ್ ಒತ್ತಿದ. ಗಟ್ಟಿಯಾಗಿ ನಿಂತಿತು. ಕಾಲು ತೆಗೆಯದೆ ಹಾಗೇ ಒತ್ತಿ ಹಿಡಿದ. ಪೆಡಲ್ಲು ಮೆಲ್ಲಗೆ, ಬಹಳ ಮೆಲ್ಲಗೆ, ಕೆಳಕ್ಕೆ ಜಾರಿತು.

ಹೊಸ ಸಾಮಾನು, ನಾಲ್ಕು ದಿನ ಓಡಿದರೆ ಸರಿಹೋಗುತ್ತದೆ ಎಂದುಕೊಂಡ. ಹಾಗೆಂದುಕೊಳ್ಳಲು ಅವನಿಗೆ ಕಾರಣವಿತ್ತು. ಆ ಮುದುಕನ ಮುಖಕ್ಕೆ ಹೊಡೆದ ಹಾಗೆ ಈ ಕಾರು ಓಡಲೇಬೇಕಿತ್ತು.

"ಆಯ್ತು ಗುರುಗಳೇ. ನಾಳೆ ಡಾಕ್ಟರಮ್ಮ ತಗೊಂಡು ಹೋಗಬಹುದು."

"ಖಂಡಿತವಾ?"

"ಖಂಡಿತ."

ಶೆಡ್ಡಿನ ಪಕ್ಕದಿಂದ ನದಿಗೆ ಒಂದು ಕಡಿದಾದ ಇಳಿಜಾರು ದಾರಿಯಿತ್ತು. ಹಿಂದೆ ಮರಳಿನ ಲಾರಿಗಳು ಓಡಾಡಿ ಗಟ್ಟಿಯಾದ ನೆಲ. ಗುರುಗಳು ಎದ್ದು, ಪಂಚೆ ಎತ್ತಿ ಕಟ್ಟಿ, ಆ ದಾರಿಯಲ್ಲಿ ಕೆಳಗಿಳಿದರು. ಇಳಿಜಾರು ಮುಗಿದು ನೀರು ಶುರುವಾಗುವ ಕಡೆ, ದಾರಿಯ ನಟ್ಟನಡುವೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಕಾರು ತಗೊಂಡು ಬಾ!" ಎಂದು ಕೆಳಗಿನಿಂದ ಕೂಗಿದರು. "ನನ್ನ ಮುಂದೆ ತಂದು ನಿಲ್ಲಿಸು. ಹ್ಯಾಂಡ್‌ಬ್ರೇಕ್ ಮುಟ್ಟಬೇಡ. ಕಾಲಿನ ಬ್ರೇಕಲ್ಲೇ ನಿಲ್ಲಿಸು."

ಮೌನೇಶ ನಕ್ಕ. ಗುರುಗಳು ನಗಲಿಲ್ಲ.

ಅವನು ಕಾರನ್ನು ಇಳಿಜಾರಿನ ಮೇಲಂಚಿಗೆ ತಂದು ಹ್ಯಾಂಡ್‌ಬ್ರೇಕ್ ಎಳೆದ. ಮುಂದಿನ ಗಾಜಿನಿಂದ ನೋಡಿದರೆ ಕೆಳಗೆ ಬೋಳು ತಲೆ, ಬಿಳಿ ಪಂಚೆ, ಅದರ ಹಿಂದೆ ನೀರು. ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟ. ಇನ್ನೊಮ್ಮೆ ಪೆಡಲ್ ಒತ್ತಿ ನೋಡಿದ. ಗಟ್ಟಿ ನಿಂತಿತು, ಆಮೇಲೆ ಜಾರಿತು.

"ಏನು ತಡ?" ಕೆಳಗಿನಿಂದ ಕೂಗು ಬಂತು. "ಇಂಗ್ಲೆಂಡ್ ಮಾಲಲ್ವಾ? ಟೀ ಕೊಟ್ಟು ಮಾರಿದಾನಲ್ವಾ? ಬಾ!"

ಮೌನೇಶನ ಕೈ ಹ್ಯಾಂಡ್‌ಬ್ರೇಕ್ ಬಿಡಲಿಲ್ಲ. ಕೊನೆಗೆ ಬಾಗಿಲು ತೆಗೆದು ಇಳಿದ. ಚಕ್ರಕ್ಕೆ ಕಲ್ಲು ಕೊಟ್ಟು, ಇಳಿಜಾರಿನ ಅಂಚಿನಲ್ಲಿ ತಲೆ ತಗ್ಗಿಸಿ ನಿಂತ.

"ಆಗಲ್ಲ ಗುರುಗಳೇ," ಎಂದ. "ಪೆಡಲ್ ನಿಲ್ತಿಲ್ಲ."

ಗುರುಗಳು ಮೇಲೆ ಹತ್ತಿ ಬಂದರು. ಅವರಿಗೆ ಉಸಿರು ಹತ್ತಿತ್ತು, ಕಣ್ಣು ಕೆಂಪಾಗಿತ್ತು. ಮೌನೇಶ ಅವರನ್ನು ಅಷ್ಟು ಸಿಟ್ಟಿನಲ್ಲಿ ನೋಡಿದ್ದೇ ಇಲ್ಲ.

"ನಾನು ಮುಂದೆ ಕೂತಾಗ ಬಂದ ಹೆದರಿಕೆ, ಆ ತಾಯಿ ತಗೊಂಡು ಹೋಗಬಹುದು, ಖಂಡಿತ ಅಂತ ಹೇಳುವಾಗ ಯಾಕೋ ಬರಲಿಲ್ಲ?"

ಮೌನೇಶ ಕಾರನ್ನು ಹಿಂದಕ್ಕೆ ತಂದು ಜ್ಯಾಕು ಕೊಟ್ಟ. ಚಕ್ರ ಬಿಚ್ಚಿ, ಡ್ರಮ್ಮು ಎಳೆದ. ಹೊಳೆಯುವ ಸಿಲಿಂಡರಿನ ತುದಿಯಲ್ಲಿ ಎಣ್ಣೆ ಜಿನುಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರು ಕಣ್ಣಿಗೆ ಹೊಸದೇ, ಆದರೆ ಉಗುರು ತಾಗಿಸಿದ ಕಡೆ ಪುಡಿಪುಡಿಯಾಗಿ ಉದುರಿತು. ಒಬ್ಬ ಹೆಣ್ಣುಮಗಳು ಘಟ್ಟ ಇಳಿಯುವಾಗ ಈ ಪುಡಿಯನ್ನು ನಂಬಿಕೊಂಡಿರಬೇಕಿತ್ತು. ಅಂಥದ್ದನ್ನು ಕಿರೀಟದ ಡಬ್ಬಿಯಲ್ಲಿಟ್ಟು, ಅಣ್ಣಾ ಎಂದು ಕರೆದು ಮಾರುವವನ ನಾಲಿಗೆಗೆ ಏನು ಶಿಕ್ಷೆಯೋ ದೇವರೇ ಬಲ್ಲ.

ಮೌನೇಶ ಕೆಂಡಾಮಂಡಲವಾದ.

"ಈಗಲೇ ಹೋಗ್ತೀನಿ! ಅವನ ಕೊರಳಪಟ್ಟಿ ಹಿಡಿದು ಬೀದಿಗೆ ಎಳೀತೀನಿ. ಕೊಲೆಗಡುಕ ಅವನು, ಕೊಲೆಗಡುಕ!"

"ಹೋಗು. ಎಳಿ," ಎಂದರು ಗುರುಗಳು. "ಪೆಡಲ್ ಜಾರ್ತಿದ್ದದ್ದು ನಿನಗೆ ಗೊತ್ತಿತ್ತಾ ಅಂತ ಬೀದಿ ಜನ ಕೇಳಿದ್ರೆ ಏನು ಹೇಳ್ತೀಯಾ, ಅದನ್ನ ಮಾತ್ರ ಯೋಚನೆ ಮಾಡ್ಕೊಂಡು ಹೋಗು."

ಮೌನೇಶ ಪಟ್ಟಣಕ್ಕೆ ಹೋಗಲಿಲ್ಲ. ಗುಜರಿಯವನ ಹಿತ್ತಲಿಗೆ ಹೋದ. ಕತ್ತಲಾಗುವ ತನಕ ಕಬ್ಬಿಣದ ರಾಶಿ ಕೆದಕಿ ಹಳೇ ಸಿಲಿಂಡರನ್ನು ಹುಡುಕಿ ತಂದ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ಮೋರಿಸಿನ ಸೀಟಿನ ಮೇಲಿಟ್ಟ. ಕಾರಿನ ಮುಂದಿನ ಎರಡೂ ಚಕ್ರ ಬಿಚ್ಚಿ, ಕಲ್ಲಿನ ಮೇಲೆ ನಿಲ್ಲಿಸಿದ.

ಬೆಳಿಗ್ಗೆ ಡಾಕ್ಟರಮ್ಮ ಬಂದರು. ಔಷಧಿಯ ಪೆಟ್ಟಿಗೆ ಆಟೋದಿಂದ ಇಳಿಸುತ್ತಲೇ ಕಾರು ನೋಡಿ ನಿಂತುಬಿಟ್ಟರು.

"ಇದೇನಪ್ಪಾ? ಇವತ್ತು ಕೊಡ್ತೀನಿ ಅಂದಿದ್ದೆಯಲ್ಲಾ!"

"ಕೊಡಕ್ಕಾಗಲ್ಲ ಅಮ್ಮಾರೇ. ಸರಿಯಾದ ಸಿಲಿಂಡರ್ ಸಿಕ್ಕಿಲ್ಲ."

"ಯಾವಾಗ ಸಿಗುತ್ತೆ?"

"ಗೊತ್ತಿಲ್ಲ. ಹಳೇದು ಹಿಡ್ಕೊಂಡು ಪಟ್ಟಣಕ್ಕೆ ಹೊರಟಿದೀನಿ. ಸಿಕ್ಕರೆ ಸಿಕ್ತು."

"ಸಿಕ್ಕರೆ ಸಿಕ್ತು ಅಂದ್ರೆ? ಮೇಲೆ ತುಂಬಿದ ಬಸುರಿ ಒಬ್ಬಳು ಕಾಯ್ತಿದಾಳೆ, ಗೊತ್ತಾ ನಿನಗೆ? ಸೋರೋದು ಸ್ವಲ್ಪ ತಾನೇ? ಚಕ್ರ ಹಾಕು, ನಾನು ನಿಧಾನ ಓಡಿಸ್ತೀನಿ."

"ಹಾಕಲ್ಲ."

"ಕಾರು ನಂದಯ್ಯಾ!"

"ನಿಮ್ಮದೇ. ಆದ್ರೂ ಹಾಕಲ್ಲ. ಮೊದಲ ತಿರುವಲ್ಲೇ ಬ್ರೇಕ್ ಹೋಗುತ್ತೆ. ನೀವು ಎಷ್ಟು ಹೇಳಿದ್ರೂ ಹಾಕಲ್ಲ."

ಡಾಕ್ಟರಮ್ಮ ಗುರುಗಳ ಕಡೆ ತಿರುಗಿದರು. ಗುರುಗಳು ಬೀಡಿ ಹಚ್ಚುವುದರಲ್ಲಿದ್ದರು.

ಆಮೇಲೆ ಆ ತಾಯಿ ಮೌನೇಶನಿಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಕೈಲಾಗದವನು ಎಂದರು, ಸೊಕ್ಕಿನವನು ಎಂದರು. ಹೆರಿಗೆ ಕೋಣೆಯ ಹೆಂಗಸರೇ ಹೆದರುತ್ತಿದ್ದ ದನಿ ಅದು. ಮೌನೇಶನ ಕಿವಿ ಕೆಂಪಾದವು. ಆದರೂ ಕಾರಿನ ಮುಂದೆ ಅಡ್ಡ ನಿಂತವನು ಅಲ್ಲಿಂದ ಕದಲಲಿಲ್ಲ.

"ಕೆಲಸ ಬರಲ್ಲ ಅಂದ್ಮೇಲೆ ಗ್ಯಾರೇಜು ಯಾಕೆ ಇಟ್ಟಿದೀರಾ?" ಪೆಟ್ಟಿಗೆಯನ್ನು ಮತ್ತೆ ಆಟೋಕ್ಕೆ ಏರಿಸುತ್ತ ಅವರು ಕೊನೆಯ ಮಾತು ಬಿಟ್ಟರು. "ಇವತ್ತು ಬಸ್ಸಲ್ಲಿ ಹೋಗ್ತೀನಿ. ಬಂದವರನ್ನ ಮರ್ಯಾದೆಯಿಂದ ನೋಡ್ಕೊಳ್ಳೋ ಒಳ್ಳೆ ಮೆಕ್ಯಾನಿಕ್ಕು ಈ ಊರಲ್ಲಿ ಒಬ್ಬನಾದ್ರೂ ಇರ್ತಾನೆ. ಹುಡುಕ್ತೀನಿ!"

ಆಟೋ ಧೂಳೆಬ್ಬಿಸಿಕೊಂಡು ಹೋಯಿತು.

ಮೌನೇಶನಿಗೆ ಅಳು ಬರುವುದೊಂದು ಬಾಕಿ. "ನೋಡಿದ್ರಾ ಗುರುಗಳೇ? ಅವರ ಜೀವ ಉಳಿಸೋಕೆ ನಿಂತೆ, ಅದಕ್ಕೆ ಇದಾ ಮರ್ಯಾದೆ? ಒಂದು ಮಾತು, ಯಾಕಪ್ಪಾ ಕೊಡಲ್ಲ ಅಂತೀಯಾ ಅಂತ ಸಮಾಧಾನವಾಗಿ ಕೇಳಬಾರದಿತ್ತಾ?"

ಗುರುಗಳು ಹೊಗೆ ಬಿಟ್ಟರು.

ಮೌನೇಶ ಸೀಟಿನ ಮೇಲಿದ್ದ ಗಂಟನ್ನು ಚೀಲಕ್ಕೆ ಹಾಕಿಕೊಂಡ. ಚಪ್ಪಲಿ ಮೆಟ್ಟಿದ. ಹೊರಟವನಿಗೆ ನಿನ್ನೆಯ ಅವಮಾನ ಮತ್ತೆ ನೆನಪಾಯಿತೆಂದು ಕಾಣುತ್ತದೆ, ತಿರುಗಿ ನಿಂತ.

"ಪಟ್ಟಣಕ್ಕೇನೋ ಹೋಗ್ತೀನಿ. ಆದ್ರೆ ಆ ಮುದುಕನ ಅಂಗಡಿ ಮೆಟ್ಟಲು ಮಾತ್ರ ಸತ್ರೂ ಹತ್ತಲ್ಲ. ಟೀ ಕೊಟ್ಟ ಕಳ್ಳನ ಹತ್ರಾನೂ ಹೋಗಲ್ಲ. ಬಂದವರನ್ನ ಮರ್ಯಾದೆಯಿಂದ ನೋಡ್ಕೊಳ್ಳೋ ಒಳ್ಳೆ ಅಂಗಡಿಯವನು ಆ ಬೀದೀಲಿ ಒಬ್ಬನಾದ್ರೂ ಇರ್ತಾನೆ. ಹುಡುಕ್ತೀನಿ!"

"ಬೇಗ ಹೆಜ್ಜೆ ಹಾಕು ತಮ್ಮಾ," ಎಂದರು ಗುರುಗಳು. "ಡಾಕ್ಟರಮ್ಮನೂ ಈಗ ಅಂಥವನನ್ನೇ ಹುಡುಕ್ಕೊಂಡು ಹೊರಟ್ರು, ದಾರೀಲಿ ಜೊತೆ ಸಿಗ್ತಾರೆ."