ದೋಣಿಯ ಮೇಲಿನ ಮಗ್ಗುಲು

“ಗುರುಗಳೇ, ಗೆಳೆಯನ ಪಕ್ಕದಲ್ಲಿ ಕೂರುವುದು ತಪ್ಪೇ?”

ಚೆನ್ನವೀರ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕೂತು ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತಿದ್ದರು. ಬೆಳಗಿನ ಪೂಜೆ ಮುಗಿದಿತ್ತು. ಅವರು ತಲೆ ಎತ್ತಲಿಲ್ಲ.

“ಪ್ರಶ್ನೆಯ ಬಾಲ ಮಾತ್ರ ಹಿಡಿದು ತಂದಿದ್ದೀಯ. ತಲೆ ಎಲ್ಲಿ ಬಿಟ್ಟೆ?” ಎಂದರು.

ಚೆನ್ನವೀರ ಎಲ್ಲವನ್ನೂ ಹೇಳಿದ. ಅವನು ತಬ್ಬಲಿ. ಸೋಮನಿಂಗ ಎಂಬ ಗೆಳೆಯನ ಮನೆಯಲ್ಲಿ ಉಂಡು ಬೆಳೆದವನು. ಇಬ್ಬರಿಗೂ ಒಂದೇ ತಟ್ಟೆ, ಒಂದೇ ಕಂಬಳಿ. ಚೆನ್ನವೀರ ಮಠ ಸೇರಿದ ಮೇಲೂ ಸೋಮನಿಂಗ ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿರಲಿಲ್ಲ. ಈಗ ಸೋಮನಿಂಗನ ತಮ್ಮ ತೀರಿಕೊಂಡಿದ್ದ. ವರ್ಷ ತುಂಬುವ ಮೊದಲೇ ಸೋಮನಿಂಗ ಆ ತಮ್ಮನ ಹೆಂಡತಿಯನ್ನೂ ಅವಳ ಕೂಸನ್ನೂ ಮನೆಯಿಂದ ಹೊರಗೆ ಹಾಕಿದ್ದ. ಅವಳು ಊರ ಹಿರಿಯರ ಮುಂದೆ ದೂರು ಹೇಳಿಕೊಂಡಿದ್ದಳು. ಮಾರನೆಯ ದಿನ ಹಿರಿಯರು ಕಟ್ಟೆಯ ಮೇಲೆ ಸೇರುವವರಿದ್ದರು. ಸೋಮನಿಂಗ ಚೆನ್ನವೀರನಿಗೆ ಹೇಳಿಕಳಿಸಿದ್ದ: ನೀನು ಬಾಯಿ ಬಿಡುವುದೇ ಬೇಡ, ಬಂದು ನನ್ನ ಪಕ್ಕ ಕೂರು, ಅಷ್ಟು ಸಾಕು.

“ಮಠದವನು ಪಕ್ಕದಲ್ಲಿ ಕೂತರೆ ಹಿರಿಯರ ಬಾಯಿ ಕಟ್ಟುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು,” ಎಂದ ಚೆನ್ನವೀರ. “ಅವನು ಮಾಡಿದ್ದು ಅನ್ಯಾಯವೇ. ಆದರೆ ಈ ಮೈ ಬೆಳೆದದ್ದು ಅವನ ಮನೆಯ ಅನ್ನದಿಂದ. ಹೋಗಿ ಕೂರದಿದ್ದರೆ ಅವನು ಇನ್ನು ನನ್ನ ಮುಖ ನೋಡುವುದಿಲ್ಲ. ಏನು ಮಾಡಲಿ?”

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿದರು. ಹತ್ತಿಯ ಉಂಡೆಯನ್ನು ಅವನ ಕಡೆಗೆ ಸರಿಸಿದರು.

“ಕೂತುಕೋ. ನೀನೂ ನಾಲ್ಕು ಬತ್ತಿ ಹೊಸೆ. ಒಂದು ಕತೆ ಹೇಳುತ್ತೇನೆ,” ಎಂದರು.

ಒಂದೂರಿನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಅವನಿಗೆ ಇಬ್ಬರು ಗೆಳೆಯರು. ಒಬ್ಬ ಜವಳಿ ವ್ಯಾಪಾರಿ, ಇನ್ನೊಬ್ಬ ಗಾಣದವನು.

ಅಕ್ಕಸಾಲಿ ಮಾತು ಕಡಿಮೆಯ ಮನುಷ್ಯ. ಯಾರಿಗಾದರೂ ಸಮಾಧಾನ ಹೇಳಬೇಕಾಗಿ ಬಂದರೆ ಅವನ ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೆ ಅವನು ತನ್ನದೇ ಒಂದು ದಾರಿ ಕಂಡುಕೊಂಡಿದ್ದ. ಸುಮ್ಮನೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ವ್ಯಾಪಾರಿಯ ತಂದೆ ಸತ್ತಾಗ ಹೋಗಿ ಪಕ್ಕದಲ್ಲಿ ಕೂತ. ಅಂಗಡಿಗೆ ಬೆಂಕಿ ಬಿದ್ದು ಬಟ್ಟೆಯೆಲ್ಲ ಸುಟ್ಟಾಗ ಆ ಬೂದಿಯ ನಡುವೆಯೇ ಹೋಗಿ ಪಕ್ಕದಲ್ಲಿ ಕೂತ. ವ್ಯಾಪಾರಿ ಹೆಂಡತಿಯ ಮೇಲೆ ರೇಗಿ, ಮುಖ ಊದಿಸಿಕೊಂಡು ಜಗಲಿಗೆ ಬಂದರೆ, ಯಾರದು ತಪ್ಪು ಎಂದು ಕೇಳದೆ ಅಲ್ಲಿಗೂ ಹೋಗಿ ಕೂರುತ್ತಿದ್ದ. ವ್ಯಾಪಾರಿ ಸೀನಿದರೆ ಅಕ್ಕಸಾಲಿಗೊಂದು ಮಣೆ ಹಾಕಿ ಎಂದು ಊರವರು ನಗುತ್ತಿದ್ದರು. ಅಕ್ಕಸಾಲಿಗೆ ಅದರಿಂದ ಬೇಸರವಿರಲಿಲ್ಲ. ಒಳಗೊಳಗೇ ಹೆಮ್ಮೆ ಇತ್ತು. ಗೆಳೆತನವೆಂದರೆ ಇದೇ ಎಂದು ಅವನು ತಿಳಿದಿದ್ದ.

ಗಾಣದವನ ಸಂಗತಿ ಬೇರೆ. ಅವನು ತಾಯಿಯ ತವರಿನಲ್ಲಿ, ಕಡಲ ದಂಡೆಯಲ್ಲಿ ಬೆಳೆದವನು. ಹಾಯಿದೋಣಿ ನಡೆಸಬಲ್ಲ. ಅವನಿಂದಾಗಿ ಮೂವರಿಗೂ ಒಂದು ರೂಢಿ ಬಿದ್ದಿತ್ತು. ಸುಗ್ಗಿಯ ಎಣ್ಣೆ ತೆಗೆದು ಗಾಣ ನಿಂತ ಮೇಲೆ, ಮದುವೆಗಳ ಕೆಲಸ ಶುರುವಾಗುವ ಮೊದಲು, ಮೂವರೂ ಅಂಗಡಿ ಮುಚ್ಚಿ ಕಡಲಿಗೆ ಹೋಗುತ್ತಿದ್ದರು. ಗಾಣದವನ ಸೋದರಮಾವನ ದೋಣಿ ಇತ್ತು. ಅಕ್ಕಿ, ಬೆಲ್ಲ, ಅವಲಕ್ಕಿ, ಒಂದು ಮಡಕೆ ಹಾಕಿಕೊಂಡು ದಡದಾಚೆಯ ನಡುಗಡ್ಡೆಗೆ ಹೋಗುವುದು. ಅಲ್ಲಿ ಅಡುಗೆ ಮಾಡಿ ಉಣ್ಣುವುದು, ನೀರಾಡುವುದು, ಹೊತ್ತಲ್ಲದ ಹೊತ್ತಿನಲ್ಲಿ ಮಲಗುವುದು, ಚಿಕ್ಕ ಹುಡುಗರ ಹಾಗೆ ಒಬ್ಬರನ್ನೊಬ್ಬರು ಗೇಲಿ ಮಾಡುವುದು. ಗಿರಾಕಿಯಿಲ್ಲ, ಮನೆಯ ತಾಪತ್ರಯವಿಲ್ಲ. ವರ್ಷವೆಲ್ಲ ಅವರು ಆ ನಾಲ್ಕು ದಿನಕ್ಕಾಗಿಯೇ ಕಾಯುತ್ತಿದ್ದರು.

ಆ ವರ್ಷ ಅವರು ನಡುಗಡ್ಡೆ ಮುಟ್ಟಿದ ಮರುದಿನವೇ ಗಾಳಿ ಎದ್ದಿತು. ಆ ಕಾಲದಲ್ಲಿ ಏಳಬಾರದ ಗಾಳಿ. ಒಲೆ ಹೊತ್ತಲಿಲ್ಲ. ಹೊತ್ತಿದರೆ ಅನ್ನಕ್ಕೆ ಮರಳು ಬಿತ್ತು. ಬಂಡೆಯ ಮರೆಯಲ್ಲಿ ಕೂತು ಅವಲಕ್ಕಿ ತಿಂದರು. ಮೊದಲು ಅದೂ ಒಂದು ಮೋಜೇ ಆಗಿತ್ತು. ಗಾಳಿ ಇಳಿಯಲಿಲ್ಲ, ಮೋಜು ಇಳಿಯಿತು.

ವ್ಯಾಪಾರಿಯ ತಾಳ್ಮೆ ಕೆಟ್ಟಿತು. ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಇವತ್ತೇ ಹೊರಡೋಣ ಎಂದ. ಗಾಣದವನು ಕಡಲಿನ ಕಡೆ ನೋಡಿ, ಇವತ್ತು ಬೇಡ, ಗಾಳಿ ಇಳಿಯಲಿ ಎಂದ. ಇಬ್ಬರೂ ಅಕ್ಕಸಾಲಿಯ ಮುಖ ನೋಡಿದರು.

ಅಕ್ಕಸಾಲಿಯೂ ಕಡಲನ್ನು ನೋಡಿದ. ಅವನಿಗೆ ಭಯವಾಯಿತು. ಬೇಡ ಎಂದೇ ಅವನ ಮನಸ್ಸೂ ಹೇಳಿತು. ಆದರೆ ವ್ಯಾಪಾರಿ ಮುಖ ಸಣ್ಣದು ಮಾಡಿಕೊಂಡು ಒಂಟಿಯಾಗಿ ನಿಂತಿದ್ದ. ಅಕ್ಕಸಾಲಿಗೆ ಅದನ್ನು ನೋಡಲಾಗಲಿಲ್ಲ. ಹೋಗಿ ಅವನ ಪಕ್ಕದಲ್ಲಿ ನಿಂತ. ಮಾತೇನೂ ಆಡಲಿಲ್ಲ, ಆಡಬೇಕಾಗಿಯೂ ಇರಲಿಲ್ಲ. ಇಬ್ಬರು ಒಂದು ಕಡೆ, ಒಬ್ಬ ಒಂದು ಕಡೆ ಆದರು. ಗಾಣದವನು ಗೊಣಗುತ್ತ ಹೋಗಿ ಹಾಯಿ ಬಿಚ್ಚಿದ.

“ಇದನ್ನು ನೆನಪಿನಲ್ಲಿಟ್ಟುಕೋ,” ಎಂದರು ಗುರುಗಳು. “ಆ ದೋಣಿಯನ್ನು ನೀರಿಗಿಳಿಸಿದ್ದು ವ್ಯಾಪಾರಿಯ ಹಟ ಒಂದೇ ಅಲ್ಲ.”

ಚೆನ್ನವೀರ ತಲೆಯಾಡಿಸಿದ. ಅವನು ಹೊಸೆದ ಬತ್ತಿ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಗುರುಗಳು ಅದನ್ನು ಅವನ ಕೈಯಿಂದ ತೆಗೆದು, ಬಿಡಿಸಿ, ಹತ್ತಿಯ ಜೊತೆಗಿಟ್ಟು ಮುಂದುವರಿಸಿದರು.

ಹಾಯಿದೋಣಿಗೆ ಒಂದು ಕಟ್ಟಳೆ ಇದೆ. ಗಾಳಿ ಒಂದು ಮಗ್ಗುಲಿನಿಂದ ತಳ್ಳಿದರೆ ದೋಣಿ ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ಆಗ ಕೂತವರು ಮೇಲೆದ್ದ ಮಗ್ಗುಲಿಗೆ ಹೋಗಿ ತಮ್ಮ ಭಾರ ಹಾಕಬೇಕು. ಆ ಮೇಲಿನ ಮಗ್ಗುಲು ಸುಖದ ಜಾಗವಲ್ಲ. ಗಾಳಿ, ನೀರು ಎರಡೂ ಮೈಗೇ ಹೊಡೆಯುತ್ತವೆ. ವಾಲಿದ ಮಗ್ಗುಲಲ್ಲಾದರೆ ಹಾಯಿಯ ಮರೆ ಇದೆ, ಒರಗಿಕೊಳ್ಳಲು ಅಂಚು ಇದೆ. ಹೆದರಿದವರು ಅಲ್ಲಿಗೇ ಜಾರುತ್ತಾರೆ. ಗಾಣದವನು ಪ್ರತಿ ವರ್ಷವೂ ಇದನ್ನು ಹೇಳುತ್ತಿದ್ದ, ಆ ದಿನವೂ ಹೇಳಿದ. ಅಕ್ಕಸಾಲಿ, ವ್ಯಾಪಾರಿ ಇಬ್ಬರೂ ಮೇಲಿನ ಮಗ್ಗುಲಲ್ಲೇ ಕೂತರು.

ಅರ್ಧ ದಾರಿಯವರೆಗೆ ಎಲ್ಲ ಸರಿಯಾಗಿತ್ತು. ಅಲ್ಲಿ ತೆರೆಗಳು ದೊಡ್ಡವಾದವು. ವ್ಯಾಪಾರಿಗೆ ಹೊಟ್ಟೆ ತೊಳಸಿತು. ಎದ್ದವನು ಜಾರಿ ವಾಲಿದ ಮಗ್ಗುಲಿಗೆ ಬಿದ್ದ. ಅಲ್ಲೇ ವಾಂತಿ ಮಾಡಿಕೊಂಡ. ಎರಡೂ ಕೈಯಲ್ಲಿ ಅಂಚನ್ನು ಅವುಚಿ ಹಿಡಿದು ಕಣ್ಣು ಮುಚ್ಚಿಕೊಂಡ. ಏಳುವುದು ಅವನಿಂದಾಗಲಿಲ್ಲ. ಹತ್ತಿರ ಬಾ ಎಂದು ಅಕ್ಕಸಾಲಿಯನ್ನು ಕರೆದ.

ಅಕ್ಕಸಾಲಿ ಯೋಚಿಸಲಿಲ್ಲ. ಯೋಚಿಸಿ ಪಕ್ಕ ಕೂತವನೇ ಅಲ್ಲ ಅವನು. ಇಳಿದುಹೋಗಿ ವ್ಯಾಪಾರಿಯ ಪಕ್ಕದಲ್ಲಿ ಕೂತ, ಹೆಗಲ ಮೇಲೆ ಕೈ ಹಾಕಿದ. ವ್ಯಾಪಾರಿಯ ಹೆದರಿಕೆ ಸ್ವಲ್ಪ ತಗ್ಗಿತು. ದೋಣಿ ಇನ್ನಷ್ಟು ವಾಲಿತು. ಅಂಚಿನ ಮೇಲಿಂದ ನೀರು ಒಳಗೆ ಬರತೊಡಗಿತು.

ದೋಣಿಯ ಮುಂದೆ, ದಡದ ಬಾಯಲ್ಲಿ, ಬಂಡೆಗಳ ಸಾಲಿತ್ತು. ಗಾಣದವನು ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಹಾಯಿಯ ಹಗ್ಗ ಹಿಡಿದು ಕೂತಿದ್ದ. ಹಗ್ಗ ಸಡಿಲಿಸಿದರೆ ಗಾಳಿ ದೋಣಿಯನ್ನು ಬಂಡೆಗಳ ಮೇಲೆ ಎತ್ತಿಹಾಕುತ್ತಿತ್ತು. ಸಡಿಲಿಸದಿದ್ದರೆ ದೋಣಿ ಮಗುಚುತ್ತಿತ್ತು. ಅವನು ಜಾಗ ಬಿಟ್ಟು ಏಳುವಂತಿರಲಿಲ್ಲ.

“ಮೇಲೆ ಬಾರೋ ಮಾರಾಯ,” ಎಂದು ಅವನು ಅಕ್ಕಸಾಲಿಯನ್ನು ಕೂಗಿದ. “ಇಬ್ಬರೂ ಅಲ್ಲೇ ಕೂತರೆ ಮೂವರೂ ಹೋದೆವು.”

ಅಕ್ಕಸಾಲಿ ವ್ಯಾಪಾರಿಯನ್ನು ಎಬ್ಬಿಸಲು ನೋಡಿದ. ಕಂಕುಳಿಗೆ ಕೈ ಹಾಕಿ ಎಳೆದ. ವ್ಯಾಪಾರಿ ಅಂಚನ್ನು ಬಿಡಲಿಲ್ಲ. ಅಕ್ಕಸಾಲಿ ತಾನೊಬ್ಬನೇ ಏಳಲು ಹೊರಟಾಗ ಅವನು ಒಂದು ಕೈ ಬಿಟ್ಟು ಅಕ್ಕಸಾಲಿಯ ಪಂಚೆಯನ್ನು ಹಿಡಿದ.

“ನನ್ನನ್ನು ಬಿಟ್ಟು ಹೋಗಬೇಡ,” ಎಂದ.

ಅಕ್ಕಸಾಲಿ ಮತ್ತೆ ಕೂತ. ಇವನ ಅಪ್ಪ ಸತ್ತಾಗ ಕೂತಿದ್ದೆ, ಬೂದಿಯಲ್ಲಿ ಕೂತಿದ್ದೆ, ಇವತ್ತು ಹೇಗೆ ಏಳಲಿ ಎಂದು ಅವನ ಕರುಳು ಕೇಳಿತು. ಸಾಯುವುದಾದರೆ ಒಟ್ಟಿಗೇ ಸಾಯೋಣ ಎಂದೂ ಅನ್ನಿಸಿತು. ಆ ಮಾತು ಕೇಳಲು ಚೆನ್ನಾಗಿಯೇ ಇದೆ. ಗಾಣದವನ ಮಕ್ಕಳಿಗೆ ಅದು ಅಷ್ಟು ಚೆನ್ನಾಗಿ ಕೇಳಿಸುತ್ತಿರಲಿಲ್ಲ. ಅವನೂ ಆ ದೋಣಿಯಲ್ಲಿದ್ದ, ಅವನು ಯಾರನ್ನೂ ತನ್ನ ಪಕ್ಕ ಕೂರಲು ಕರೆದಿರಲಿಲ್ಲ.

ಇನ್ನೊಂದು ತೆರೆ ಬಂತು. ನೀರು ವ್ಯಾಪಾರಿಯ ಎದೆಯವರೆಗೆ ಏರಿತು. ಅಕ್ಕಸಾಲಿ ಅವನನ್ನು ಬಿಗಿಯಾಗಿ ಅಪ್ಪಿಕೊಂಡ. ನೀರು ಕೊರಳಿಗೆ ಬಂತು. ಆಗ ಅಕ್ಕಸಾಲಿ ಕಣ್ಣಾರೆ ಕಂಡ. ತಾನು ಹತ್ತಿರ ಸರಿದಷ್ಟೂ ಗೆಳೆಯ ಕೆಳಗೆ ಇಳಿಯುತ್ತಿದ್ದ. ಅವನನ್ನು ಮುಳುಗಿಸುತ್ತಿದ್ದ ಭಾರದಲ್ಲಿ ಅರ್ಧ ತನ್ನದೇ. ನೆಲದ ಮೇಲೆ ಯಾರ ಪಕ್ಕ ಯಾರು ಕೂತರೂ ನೆಲ ವಾಲುವುದಿಲ್ಲ. ಅದಕ್ಕೇ ಇಷ್ಟು ವರ್ಷ ಅವನಿಗೆ ಇದು ತಿಳಿದಿರಲಿಲ್ಲ.

ಅವನು ಪಂಚೆ ಹಿಡಿದಿದ್ದ ಕೈಯನ್ನು ಬಿಡಿಸತೊಡಗಿದ. ವ್ಯಾಪಾರಿ ಒಪ್ಪಲಿಲ್ಲ. ಅಕ್ಕಸಾಲಿ ಒಂದೊಂದೇ ಬೆರಳು ಬಿಡಿಸಿದ. ಬಿಡಿಸಿದ ಕೈಯನ್ನು ತಂದು ಅಂಚಿನ ಮೇಲಿಟ್ಟು ಒತ್ತಿದ. ಆಮೇಲೆ ತಿರುಗಿ ನೋಡದೆ ಅಂಬೆಗಾಲಿಟ್ಟು ಮೇಲೆ ಹತ್ತಿದ. ಅಡ್ಡಹಲಗೆಗೆ ಪಾದ ಸಿಕ್ಕಿಸಿ, ಹಾಯಿಕಂಬಕ್ಕೆ ಬಿಗಿದ ಹಗ್ಗ ಹಿಡಿದು, ಬೆನ್ನನ್ನು ದೋಣಿಯ ಹೊರಗೆ ಚಾಚಿ, ಇದ್ದಬದ್ದ ಭಾರವನ್ನೆಲ್ಲ ಆ ಕಡೆಗೆ ಹಾಕಿದ. ಕೆಳಗಿನ ಅಂಚು ನಿಧಾನವಾಗಿ ನೀರಿನಿಂದ ಮೇಲೆ ಬಂತು.

ವ್ಯಾಪಾರಿ ಕಣ್ಣು ತೆರೆದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಗೆಳೆಯ ದೂರದಲ್ಲಿ, ಎತ್ತರದಲ್ಲಿ ಕೂತಿದ್ದ. ಕೈ ಕೂಡ ಚಾಚಲಿಲ್ಲ. ಅಕ್ಕಸಾಲಿಯ ಎರಡೂ ಕೈ ಹಗ್ಗ ಹಿಡಿದಿದ್ದವು, ಅದು ವ್ಯಾಪಾರಿಗೆ ಕಾಣಿಸಲಿಲ್ಲ. ಅಕ್ಕಸಾಲಿ ಅಳುತ್ತಿದ್ದ. ಮುಖದ ತುಂಬ ಉಪ್ಪುನೀರಿದ್ದುದರಿಂದ ಅದೂ ಕಾಣಿಸಲಿಲ್ಲ. ದೋಣಿ ಬಂಡೆಗಳನ್ನು ದಾಟಿ ದಡ ಸೇರಿತು.

ದಡದಲ್ಲಿ ವ್ಯಾಪಾರಿ ಬಟ್ಟೆ ಹಿಂಡಿಕೊಂಡ. ಅಕ್ಕಸಾಲಿ ಹತ್ತಿರ ಬಂದಾಗ, “ನನ್ನ ಬೆರಳು ಬಿಡಿಸಿದೆಯಲ್ಲ,” ಎಂದ. ಅವನು ಅಕ್ಕಸಾಲಿಯೊಡನೆ ಆಡಿದ ಕೊನೆಯ ಮಾತು ಅದು.

ವ್ಯಾಪಾರಿ ಊರಿಗೆ ಹೋಗಿ, ನಾನು ಮುಳುಗುತ್ತಿದ್ದೆ, ಅವನು ತನ್ನ ಜೀವ ಉಳಿಸಿಕೊಳ್ಳಲು ಮೇಲೆ ಹತ್ತಿದ ಎಂದು ಹೇಳಿದ. ಅವನಿಗೆ ಹಾಗೆಯೇ ಕಂಡಿತ್ತು. ಗಾಣದವನು ಬಿಡಿಸಿ ಹೇಳಲು ಹೋದ. ವ್ಯಾಪಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕಸಾಲಿಗೆ ಮೊದಲೇ ಮಾತು ಬಾರದು. ಅವನು ತನಗೆ ಗೊತ್ತಿದ್ದುದನ್ನೇ ಮಾಡಿದ. ಒಂದು ಸಂಜೆ ವ್ಯಾಪಾರಿಯ ಜಗಲಿಗೆ ಹೋಗಿ ಪಕ್ಕದಲ್ಲಿ ಕೂತ. ವ್ಯಾಪಾರಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಕ್ಕಸಾಲಿ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಮನೆಗೆ ಬಂದ.

ವ್ಯಾಪಾರಿಯ ಮಗಳಿಗೆ ಮದುವೆ ಗೊತ್ತಾಯಿತು. ಆ ಹುಡುಗಿ ಹುಟ್ಟಿದಾಗ ಕಾಲಿಗೆ ಗೆಜ್ಜೆ ಮಾಡಿಕೊಟ್ಟವನು ಅಕ್ಕಸಾಲಿ. ಅವಳ ತಾಳಿಯನ್ನು ಬೇರೆ ಊರಿನಲ್ಲಿ ಮಾಡಿಸಿದರು. ಮದುವೆಯ ದಿನ ಓಲಗ ಅವನ ಅಂಗಡಿಗೇ ಕೇಳುತ್ತಿತ್ತು. ಅವನು ತಲೆ ತಗ್ಗಿಸಿ ಯಾರದೋ ಮೂಗುತಿಗೆ ಹರಳು ಕೂರಿಸುತ್ತಿದ್ದ. ಅವನಿಗೆ ತುಂಬ ನೋವಾಯಿತು. ನಾನು ಮಾಡಿದ್ದು ತಪ್ಪೇ ಎಂದು ತನ್ನನ್ನೇ ಕೇಳಿಕೊಂಡ. ಅಲ್ಲ ಎಂದೇ ಉತ್ತರ ಬಂತು. ಉತ್ತರ ಬಂದರೂ ನೋವು ಹೋಗಲಿಲ್ಲ. ಆ ವರ್ಷದಿಂದ ಮೂವರೂ ಕಡಲಿಗೆ ಹೋಗುವುದು ನಿಂತುಹೋಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ತಟ್ಟೆಯಲ್ಲಿದ್ದ ಬತ್ತಿಗಳನ್ನು ಜೋಡಿಸತೊಡಗಿದರು.

ಚೆನ್ನವೀರ ಕಾದ. ಕತೆ ಇನ್ನೂ ಇದೆ ಎಂದು ಅವನು ಎಣಿಸಿದ್ದ. ಎಲ್ಲೋ ಒಂದು ಕಡೆ ವ್ಯಾಪಾರಿಗೆ ಎಲ್ಲ ತಿಳಿಯುತ್ತದೆ, ಅವನು ಬಂದು ಅಕ್ಕಸಾಲಿಯ ಕೈ ಹಿಡಿಯುತ್ತಾನೆ ಎಂದು ಎಣಿಸಿದ್ದ. ಕತೆ ಹಾಗೆ ಮುಗಿದರೆ ನಾಳೆ ಗೆಳೆಯನಿಂದ ದೂರ ಉಳಿಯುವುದು ಸುಲಭ. ಕಟ್ಟೆಯ ಮೇಲೆ ಸೋಮನಿಂಗನ ಪಕ್ಕದ ಜಾಗ ಖಾಲಿ ಇರುವುದು ಅವನ ಕಣ್ಣಿಗೆ ಕಟ್ಟಿತು. ಆ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಕೆಳಗೆ ನಿಂತಿರುವುದೂ ಕಂಡಿತು. ಅವಳ ಮುಖವನ್ನು ಅವನು ಈವರೆಗೆ ನೆನೆದಿರಲೇ ಇಲ್ಲ.

“ವ್ಯಾಪಾರಿ ಆಮೇಲೆ ಯಾವತ್ತಾದರೂ ಅವನೊಡನೆ ಮಾತಾಡಿದನೇ, ಗುರುಗಳೇ?” ಎಂದು ಕೇಳಿದ.

“ಇಲ್ಲ. ಆದರೆ ಮಾತು ಬಿಡುವುದಕ್ಕೂ ಮನುಷ್ಯ ಬದುಕಿರಬೇಕಲ್ಲಪ್ಪ,” ಎಂದರು ಗುರುಗಳು.

ಚೆನ್ನವೀರ ಹತ್ತಿಯನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಬತ್ತಿ ಹೊಸೆಯತೊಡಗಿದ.